ಬಿಡಲೊಲ್ಲದ ಕೀಲು

ದಾಂಡೇಲಿಯಿಂದ ಗಣೇಶಗುಡಿ ದಾಟಿ ಜೋಯಿಡಾ ಕಡೆಗೆ ಹತ್ತಾರು ಮಳೆಗಾಲ ಓಡಾಡಿದ ಜೀಪೊಂದನ್ನು ಜಾಕ್ ಕೊಟ್ಟು ಎತ್ತಿ, ಮುಂದಿನ ಗಾಲಿಯ ಹಿಂಬದಿಗೆ ಬಗ್ಗಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಮಣ್ಣು. ಕಾಡುರಸ್ತೆಯ ಕೆಸರು, ಕೊಳೆತ ಎಲೆ, ಹಳೆಯ ಗ್ರೀಸು ಮೂರೂ ಕಲಸಿಕೊಂಡು ಗಾರೆಯ ಹಾಗೆ ಗಟ್ಟಿಯಾಗಿ ಕೀಲುಗಳನ್ನೆಲ್ಲ ಮುಚ್ಚಿರುತ್ತವೆ. ಸ್ಕ್ರೂಡ್ರೈವರಿನಿಂದ ಕೆರೆಯುತ್ತ ಹೋದರೆ ಮಣ್ಣು ಎಲ್ಲಿ ಮುಗಿಯಿತು, ತುಕ್ಕು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ಹೇಳಲಾಗದು. ಬಣ್ಣ ಒಂದೇ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಕುಲವೂ ಒಂದೇ. ಈ ಸೀಮೆಯ ಜಂಬಿಟ್ಟಿಗೆ ಮಣ್ಣಿಗೆ ಕೆಂಪು ಕೊಟ್ಟದ್ದು ಕಬ್ಬಿಣದ ಆಕ್ಸೈಡು. ಗಾಡಿಯ ಮೈಗೆ ಹತ್ತಿದ ತುಕ್ಕು ಕೂಡ ಕಬ್ಬಿಣದ ಆಕ್ಸೈಡೇ.

ಅಂಥ ಒಂದು ಜೀಪಿನ ಜೊತೆ ನಾನು ದಾಂಡೇಲಿಯ ಗ್ಯಾರೇಜೊಂದರಲ್ಲಿ ಅರ್ಧ ದಿನ ನಿಂತಿದ್ದೆ. ಓಡಿಸುವಾಗ ಸ್ಟೀರಿಂಗ್ ಕೈಯಲ್ಲಿ ನಡುಗುತ್ತಿತ್ತು. ಮಿಸ್ತ್ರಿ ಎತ್ತಿದ ಗಾಲಿಯನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿದರು, ಸದ್ದಿಲ್ಲ. ಎಡ-ಬಲ ಹಿಡಿದು ಅಲುಗಿಸಿದರು, ಕಟ್ ಕಟ್ ಎಂದಿತು. "ಟೈ ರಾಡ್ ಎಂಡ್ ಹೋಗೇತ್ರಿ ಸರ" ಎಂದರು. ಹೊಸ ಎಂಡ್ ಡಬ್ಬಿಯಲ್ಲಿ ಸಿದ್ಧವಿತ್ತು. ಅದನ್ನು ಕೂರಿಸುವುದು ಹತ್ತು ನಿಮಿಷದ ಕೆಲಸ. ಹಳೆಯದನ್ನು ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೆಲಸ ಕಲಿಯಲು ಬಂದಿದ್ದ ಹುಡುಗ ನಟ್ಟು ಬಿಚ್ಚಿ, ಹೊರಗೆ ಚಾಚಿದ್ದ ಪಿನ್ನಿನ ತುದಿಗೆ ಸುತ್ತಿಗೆ ಎತ್ತಿದ. ಮಿಸ್ತ್ರಿ ಅವನ ಕೈ ಹಿಡಿದರು: "ಅಲ್ಲಿ ಬ್ಯಾಡೋ ತಮ್ಮಾ. ಏನ್ ಹಿಡದೈತಿ, ಮೊದಲ ಅದನ್ನ ನೋಡು."

ಈ ಅಧ್ಯಾಯ ಆ ಒಂದು ಮಾತಿನ ವಿವರಣೆ. ಹಳೆಯ ಗಾಡಿಯ ಕೀಲು ಜಾಮ್ ಆಗಿದೆ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಅದನ್ನು ಹಿಡಿದಿರುವ ಕೈಗಳು ಬೇರೆ ಬೇರೆ. ಒಂದು ಕಡೆ ಬೆಣೆಯ ಹಿಡಿತ, ಒಂದು ಕಡೆ ತುಕ್ಕಿನ ಉಬ್ಬು, ಇನ್ನೊಂದು ಕಡೆ ನಟ್ಟು-ಬೋಲ್ಟಿನ ದಾರದ ಬಿಗಿತ. ಒಂದಕ್ಕೆ ಬೇಕಾದ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಯಾವುದು ಯಾವುದೆಂದು ಗೊತ್ತಿಲ್ಲದವನ ಕೈಯಲ್ಲಿ ಎಂಥ ದೊಡ್ಡ ಸುತ್ತಿಗೆಯಿದ್ದರೂ ಅದು ಗಾಡಿಯನ್ನು ಹಾಳು ಮಾಡುತ್ತದೆ, ಕೀಲನ್ನು ಬಿಡಿಸುವುದಿಲ್ಲ.

ಯಾವ ಕೀಲು, ಯಾವ ಕೆಲಸ

ಎರಡು ಮುಂಗಾಲಿಗಳನ್ನು ಒಂದು ಕೋಲಿನಿಂದ ಜೋಡಿಸಿ ಒಟ್ಟಿಗೆ ತಿರುಗಿಸುವ ಉಪಾಯ ಕಾರಿಗಿಂತ ಹಳೆಯದು. ಜರ್ಮನಿಯ ಗಾಡಿ ಕುಶಲಕರ್ಮಿ ಲಂಕೆನ್ಸ್‌ಪರ್ಗರ್ ಕುದುರೆಗಾಡಿಗಾಗಿ ರೂಪಿಸಿದ್ದ ಈ ವ್ಯವಸ್ಥೆಗೆ ಆತನ ಪ್ರತಿನಿಧಿ ಆಕರ್‌ಮನ್ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ. ತಿರುವಿನಲ್ಲಿ ಒಳಗಾಲಿ ಹೆಚ್ಚು, ಹೊರಗಾಲಿ ಕಡಿಮೆ ತಿರುಗಬೇಕು ಎಂಬ ಆ ತತ್ವ ಇಂದಿಗೂ ಆಕರ್‌ಮನ್ ಹೆಸರಿನಲ್ಲೇ ಇದೆ. ಆ ಜೋಡಿಸುವ ಕೋಲೇ ಟೈ ರಾಡು.

ಕೋಲು ಗಾಲಿಯನ್ನು ತಳ್ಳಬೇಕು, ಎಳೆಯಬೇಕು. ಅದೇ ಹೊತ್ತಿಗೆ ಗಾಲಿ ಹೊಂಡಕ್ಕೆ ಬಿದ್ದು ಎದ್ದಾಗ ತಾನೂ ಬಾಗಬೇಕು. ಹಾಗಾಗಿ ಅದರ ತುದಿಯಲ್ಲಿ ನಮ್ಮ ತೊಡೆಯ ಕೀಲಿನಂತೆ ಬಟ್ಟಲಿನೊಳಗೆ ತಿರುಗುವ ಒಂದು ಗುಂಡು ಇರುತ್ತದೆ. ಅದು ಬಾಲ್ ಜಾಯಿಂಟು. ಗುಂಡಿಗೆ ಗ್ರೀಸು, ಗ್ರೀಸಿಗೆ ಕಾವಲಾಗಿ ರಬ್ಬರಿನ ಟೋಪಿ. ಹಳ್ಳ ದಾಟುವಾಗಲೋ ಬಿದಿರಿನ ಮೊಳಕೆ ಚುಚ್ಚಿಯೋ ಆ ರಬ್ಬರು ಹರಿದರೆ ಕೆಸರು ಒಳಹೊಕ್ಕು ಮರಳುಕಾಗದದ ಕೆಲಸ ಮಾಡುತ್ತದೆ. ಕೀಲು ಸಡಿಲವಾಗುತ್ತದೆ, ಸ್ಟೀರಿಂಗ್ ನಡುಗುತ್ತದೆ.

ಒಂದೊಂದು ಗಾಡಿಯ ಹೊಟ್ಟೆ ಒಂದೊಂದು ರೀತಿ. ಮಹೀಂದ್ರಾದ ಹಳೆಯ ಜೀಪುಗಳು ಅಮೆರಿಕದ ವಿಲೀಸ್ ಜೀಪಿನ ವಂಶದವು. ಹಿಂದೆ ಮುಂದೆ ಎರಡೂ ಕಡೆ ಪಾಟಾ, ಅಂದರೆ ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರಿನ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗಿನ ಬದಲು ತಿರುಚಿಕೊಳ್ಳುವ ಉಕ್ಕಿನ ಸರಳು. 1983ರಲ್ಲಿ ಬಂದ ಮಾರುತಿ 800ರಲ್ಲಿ ಶಾಕ್ ಅಬ್ಸಾರ್ಬರನ್ನೂ ಸುರುಳಿ ಸ್ಪ್ರಿಂಗನ್ನೂ ಒಂದೇ ಕಂಬದಲ್ಲಿ ಕೂಡಿಸಿದ ಸ್ಟ್ರಟ್ಟು. ಹಳಿಯಾಳದ ಕಬ್ಬಿನ ಗದ್ದೆಯಿಂದ ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನಲ್ಲೂ, 1966ರಿಂದ ಟಿಬೆಟನ್ನರು ನೆಲೆಸಿರುವ ಮುಂಡಗೋಡದ ಕ್ಯಾಂಪುಗಳ ನಡುವೆ ಓಡುವ ವ್ಯಾನಿನಲ್ಲೂ ವಿನ್ಯಾಸ ಬೇರೆಯೇ. ಆದರೆ ಇವೆಲ್ಲವುಗಳ ಸ್ಟೀರಿಂಗಿನಲ್ಲಿ ಎಲ್ಲೋ ಒಂದು ಕಡೆ ಒಂದು ಮೊನಚು ಪಿನ್ನು ಒಂದು ಮೊನಚು ರಂಧ್ರದಲ್ಲಿ ಕೂತಿರುತ್ತದೆ. ಮೊದಲ ಪಾಠ ಅಲ್ಲಿದೆ.

ಬೆಣೆ ಯಾಕೆ ಜಾರುವುದಿಲ್ಲ

ಬಾಲ್ ಜಾಯಿಂಟಿನ ಪಿನ್ನು ಕಂಬದಂತೆ ಮೇಲಿಂದ ಕೆಳಗೆ ಒಂದೇ ದಪ್ಪ ಇರುವುದಿಲ್ಲ. ಬುಡದಲ್ಲಿ ದಪ್ಪ, ತುದಿಗೆ ಹೋದಂತೆ ಸಪೂರ. ಅನೇಕ ಗಾಡಿಗಳಲ್ಲಿ ಪ್ರತಿ 10 ಮಿ.ಮೀ. ಉದ್ದಕ್ಕೆ 1 ಮಿ.ಮೀ.ನಷ್ಟು ವ್ಯಾಸ ಇಳಿಯುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ಟೇಪರ್ ಎನ್ನುತ್ತಾರೆ. ಗಾಲಿಯನ್ನು ತಿರುಗಿಸುವ ಸ್ಟೀರಿಂಗ್ ತೋಳಿನ ಕಣ್ಣು, ಅಂದರೆ ಪಿನ್ನು ಕೂರುವ ರಂಧ್ರವೂ ಅದೇ ಇಳಿಜಾರಿನಲ್ಲಿ ಕೊರೆದದ್ದು. ನಟ್ಟು ಬಿಗಿದಂತೆ ಪಿನ್ನು ಕಣ್ಣಿನೊಳಗೆ ಬೆಣೆಯಾಗಿ ಇಳಿಯುತ್ತದೆ.

ಮರ ಸೀಳುವವರಿಗೆ ಬೆಣೆಯ ಗುಣ ಗೊತ್ತು. ಮೊಂಡು ಬೆಣೆಯನ್ನು ದಿಮ್ಮಿಗೆ ಹೊಡೆದರೆ ಪುಟಿದು ಹೊರಬರುತ್ತದೆ. ಸಪೂರ ಬೆಣೆ ಹೊಕ್ಕಲ್ಲೇ ಕಚ್ಚಿಕೊಳ್ಳುತ್ತದೆ. ವ್ಯತ್ಯಾಸ ಇರುವುದು ಕೋನದಲ್ಲಿ. ಉಕ್ಕಿನ ಹಲಗೆಯ ಮೇಲೆ ಉಕ್ಕಿನ ತುಂಡೊಂದನ್ನಿಟ್ಟು ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತ ಹೋಗಿ. ಒಂದು ಕೋನದವರೆಗೆ ತುಂಡು ಅಲುಗುವುದಿಲ್ಲ. ಅದನ್ನು ದಾಟಿದೊಡನೆ ಜಾರುತ್ತದೆ. ಘರ್ಷಣಾಂಕ 0.15 ಇದ್ದರೆ ಈ ಕೋನ ಸುಮಾರು 8.5 ಡಿಗ್ರಿ. ಎಣ್ಣೆ ಸವರಿ ಘರ್ಷಣಾಂಕವನ್ನು 0.1ಕ್ಕೆ ಇಳಿಸಿದರೂ 5.7 ಡಿಗ್ರಿ. ನಮ್ಮ ಪಿನ್ನಿನ ಗೋಡೆ ಅದರ ನಡುಗೆರೆಯಿಂದ ವಾಲಿರುವುದು 3 ಡಿಗ್ರಿಗಿಂತಲೂ ಕಡಿಮೆ. ಜಾರುವ ಕೋನಕ್ಕೆ ಅದು ಹತ್ತಿರವೂ ಇಲ್ಲ.

ಹೀಗಾಗಿ ನಟ್ಟನ್ನು ಪೂರ್ತಿ ಬಿಚ್ಚಿ ತೆಗೆದರೂ ಪಿನ್ನು ಕೂತಲ್ಲೇ ಕೂತಿರುತ್ತದೆ. ಅದಕ್ಕೆ ತುಕ್ಕು ಹಿಡಿದಿರಬೇಕೆಂದಿಲ್ಲ. ನಿನ್ನೆ ಹಾಕಿದ ಹೊಸ ಪಿನ್ನೂ ಹಾಗೆಯೇ ಕೂತಿರುತ್ತದೆ. ಲೇತಿನಲ್ಲಿ ದಪ್ಪ ಡ್ರಿಲ್ಲುಗಳನ್ನು ಹಿಡಿಯುವ ಮೋರ್ಸ್ ಟೇಪರ್ ಕೆಲಸ ಮಾಡುವುದೂ ಇದೇ ಗುಣದಿಂದ. ಟೇಪರಿಗೆ ರಾತ್ರಿಯಿಡೀ ಎಣ್ಣೆ ಸುರಿದು ಕಾಯುವವರು ತಿಳಿಯಬೇಕಾದದ್ದೂ ಇದನ್ನೇ. ಎಣ್ಣೆ ತುಕ್ಕನ್ನು ನೆನೆಸೀತು, ಆದರೆ ಬೆಣೆಯ ಕೋನವನ್ನು ಬದಲಿಸಲಾರದು.

ಹಿಡಿತದ ಬಲವನ್ನು ಲೆಕ್ಕ ಹಾಕೋಣ. 12 ಮಿ.ಮೀ. ದಾರದ ಪಿನ್ನಿಗೆ ನಟ್ಟನ್ನು 40 ನ್ಯೂಟನ್-ಮೀಟರ್ ಬಲದಿಂದ ತಿರುಚಿದರೆ ಪಿನ್ನಿನ ಮೇಲೆ ಬೀಳುವ ಎಳೆತ ಸುಮಾರು 1.7 ಟನ್ ಭಾರದಷ್ಟು. ಬೆಣೆ ಅದನ್ನು ಪಕ್ಕಕ್ಕೆ ತಿರುಗಿಸಿ ಸುಮಾರು ಐದು ಪಟ್ಟು ಹೆಚ್ಚಿಸುತ್ತದೆ. ಅಂದರೆ ಹೆಬ್ಬೆರಳು ಗಾತ್ರದ ಕಣ್ಣಿನ ಗೋಡೆಗಳನ್ನು 8 ಟನ್ನಿಗೂ ಮೀರಿದ ಬಲ ಒತ್ತಿ ಹಿಡಿದಿರುತ್ತದೆ. ಹೊಸ ಕೀಲನ್ನು ಬಿಡಿಸಲು ಲೆಕ್ಕದ ಪ್ರಕಾರ ಬಿಗಿದ ಬಲದ ಅರ್ಧ ಸಾಕು. ವರ್ಷಗಟ್ಟಲೆ ಕುಲುಕಾಟದಲ್ಲಿ ಕುದುರಿಕೊಂಡು, ಸಂದಿಗೆ ತುಕ್ಕೂ ಸೇರಿದ ಕೀಲಿಗೆ ಎಷ್ಟು ಬೇಕೆಂದು ಯಾವ ಲೆಕ್ಕವೂ ಹೇಳುವುದಿಲ್ಲ.

ಎರಡು ಸುತ್ತಿಗೆಯ ವಿದ್ಯೆ

ಹುಡುಗ ಹೊಡೆಯಲು ಹೊರಟದ್ದು ಪಿನ್ನಿನ ತುದಿಗೆ. ಅಲ್ಲಿ ಬಿದ್ದ ಪೆಟ್ಟು ದಾರವನ್ನು ಜಜ್ಜಿ ಅಣಬೆಯಂತೆ ಅರಳಿಸುತ್ತದೆ. ಆಮೇಲೆ ಪಿನ್ನು ಸಡಿಲಾದರೂ ಕಣ್ಣಿನಿಂದ ಆಚೆ ಬರಲು ಅದೇ ಅಡ್ಡಿ. ಇನ್ನೊಂದು ನಷ್ಟವೂ ಇದೆ. ಟೈ ರಾಡು, ತೋಳು, ಗಾಲಿ ಎಲ್ಲವೂ ಪೆಟ್ಟಿನ ದಿಕ್ಕಿಗೆ ಒಲೆದು, ಸುತ್ತಿಗೆಯ ಶಕ್ತಿ ಆ ಒಲೆತದಲ್ಲೇ ಕಳೆದುಹೋಗುತ್ತದೆ.

ಮಿಸ್ತ್ರಿ ಮಾಡಿದ್ದು ಬೇರೆ. ನಟ್ಟನ್ನು ಮತ್ತೆ ನಾಲ್ಕು ಸುತ್ತು ಹತ್ತಿಸಿದರು. ಕೀಲು ತಟ್ಟನೆ ಬಿಟ್ಟಾಗ ಕೋಲು ಸಿಡಿಯದಿರಲಿ, ದಾರವೂ ಉಳಿಯಲಿ ಎಂದು. ಆಮೇಲೆ ಟೈ ರಾಡು ಮತ್ತು ತೋಳಿನ ನಡುವೆ ಸನ್ನೆಕೋಲು ತೂರಿಸಿ, ಅದನ್ನು ಒತ್ತಿ ಹಿಡಿಯಲು ಹುಡುಗನಿಗೆ ಹೇಳಿದರು. ಕಣ್ಣಿನ ಒಂದು ಪಕ್ಕಕ್ಕೆ ದೊಡ್ಡ ಸುತ್ತಿಗೆಯನ್ನು ಒತ್ತಿ ಹಿಡಿದು, ಎದುರು ಪಕ್ಕಕ್ಕೆ ಇನ್ನೊಂದು ಸುತ್ತಿಗೆಯಿಂದ ಮೂರು ನೇರ ಪೆಟ್ಟು. ಮೂರನೆಯದಕ್ಕೆ ಠಣ್ ಎಂಬ ಸದ್ದು ಬದಲಾಗಿ ಠಪ್ ಎಂದಿತು. ಕೋಲು ಕೆಳಗಿಳಿದು ನಟ್ಟಿಗೆ ಜೋತು ನಿಂತಿತು.

ಆ ಕ್ಷಣದಲ್ಲಿ ಏನಾಯಿತು? ಒಂದು ಕಿಲೋ ಸುತ್ತಿಗೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬಂದು ಅರ್ಧ ಮಿಲಿಸೆಕೆಂಡಿನಲ್ಲಿ ನಿಂತರೆ, ಆ ಹೊತ್ತಿನಲ್ಲಿ ಅದು ಒತ್ತುವ ಸರಾಸರಿ ಬಲ ಸುಮಾರು ಒಂದು ಟನ್ನು. ಉಕ್ಕು ಉಕ್ಕಿಗೆ ಬಡಿಯುವಾಗ ಹೊತ್ತು ಇನ್ನೂ ಕಿರಿದು, ಬಲ ಇನ್ನೂ ಹಿರಿದು. ಉಕ್ಕಿನಲ್ಲಿ ಪೆಟ್ಟಿನ ಅಲೆ ಸೆಕೆಂಡಿಗೆ ಸುಮಾರು 5 ಕಿ.ಮೀ. ಓಡುತ್ತದೆ, 5 ಸೆಂ.ಮೀ. ಅಗಲದ ಕಣ್ಣನ್ನು ದಾಟಲು ಸೆಕೆಂಡಿನ ಲಕ್ಷದಲ್ಲೊಂದು ಭಾಗ ಸಾಕು. ಆ ಅಲೆಗೆ ಸಿಕ್ಕಿ ದುಂಡು ರಂಧ್ರ ಕ್ಷಣಮಾತ್ರ ಮೊಟ್ಟೆಯಾಕಾರಕ್ಕೆ ಹಿಂಡಿಕೊಳ್ಳುತ್ತದೆ. ಗೋಡೆ ಪಿನ್ನನ್ನು ಕೆಲವು ಕಡೆ ಬಿಡುತ್ತದೆ. ಬೆಣೆಯನ್ನು ಹಿಡಿದಿದ್ದ ಘರ್ಷಣೆ ಅಷ್ಟರ ಮಟ್ಟಿಗೆ ಇಲ್ಲವಾಗುತ್ತದೆ. ಸನ್ನೆಕೋಲಿನ ಒತ್ತಡ ಕಾಯುತ್ತಿದ್ದುದು ಆ ಕ್ಷಣಕ್ಕಾಗಿಯೇ. ಹಿಂದೆ ಒತ್ತಿ ಹಿಡಿದ ಭಾರಿ ಸುತ್ತಿಗೆ ತೋಳನ್ನು ಒಲೆಯಗೊಡದೆ, ಪೆಟ್ಟಿನ ಶಕ್ತಿಯೆಲ್ಲ ಕಣ್ಣಿನಲ್ಲೇ ಖರ್ಚಾಗುವಂತೆ ನೋಡಿಕೊಂಡಿತು.

ಸನ್ನೆಕೋಲಿನ ಬದಲು ಪುಲ್ಲರ್, ಅಂದರೆ ತಿರುಪು ಬಿಗಿದು ಕೀಲನ್ನು ಒತ್ತಿ ಬಿಡಿಸುವ ಸಾಧನ, ಹಾಕಿದರೆ ಇನ್ನೂ ಒಳ್ಳೆಯದು. ಪುಲ್ಲರನ್ನು ಬಿಗಿಯಾಗಿ ತಿರುಚಿ ನಿಲ್ಲಿಸಿ, ಆಮೇಲೆ ಕಣ್ಣಿನ ಪಕ್ಕಕ್ಕೆ ಒಂದು ಪೆಟ್ಟು. ಸ್ಟೀರಿಂಗ್ ಪೆಟ್ಟಿಗೆಯಿಂದ ಹೊರಬರುವ ಡ್ರಾಪ್ ಆರ್ಮ್ ತೆಗೆಯುವಾಗ ಪುಲ್ಲರ್ ಬೇಕೇ ಬೇಕು. ಅಲ್ಲಿ ಹಲ್ಲುಳ್ಳ ದಂಡದ ತುದಿಗೆ ಸುತ್ತಿಗೆ ಹಾಕಿದರೆ ಪೆಟ್ಟು ನೇರವಾಗಿ ಪೆಟ್ಟಿಗೆಯೊಳಗಿನ ಬೇರಿಂಗಿಗೆ ಮುಟ್ಟುತ್ತದೆ; ನೂರು ರೂಪಾಯಿಯ ಕೆಲಸ ಸಾವಿರಕ್ಕೆ ಏರುತ್ತದೆ. ಕವಲುಳ್ಳ ಉಳಿಯನ್ನು ಸಂದಿಗೆ ಬಡಿದು ಕೀಲು ಎಬ್ಬಿಸುವ ಪದ್ಧತಿಯೂ ಇದೆ. ಅದು ರಬ್ಬರಿನ ಟೋಪಿಯನ್ನು ಹರಿಯುತ್ತದೆ, ಆದ್ದರಿಂದ ಕೀಲನ್ನು ಎಸೆಯುವುದಾದರೆ ಮಾತ್ರ ಆ ಉಳಿ.

ಬೆಣೆ ಕೆಲವೊಮ್ಮೆ ನಮ್ಮ ಪಕ್ಷಕ್ಕೂ ಬರುತ್ತದೆ. ನಟ್ಟು ತುಕ್ಕು ಹಿಡಿದು, ಬಿಚ್ಚಲು ಹೋದರೆ ಪಿನ್ನೇ ನಟ್ಟಿನ ಜೊತೆ ಸುತ್ತುತ್ತದೆ ಎನ್ನಿ. ಕೆಳಗಿನಿಂದ ಜಾಕ್ ಕೊಟ್ಟು ಕೀಲನ್ನು ಕಣ್ಣಿನೊಳಕ್ಕೆ ಒತ್ತಿದರೆ ಟೇಪರು ಮತ್ತೆ ಕಚ್ಚುತ್ತದೆ, ಪಿನ್ನು ನಿಲ್ಲುತ್ತದೆ, ನಟ್ಟು ತಿರುಗುತ್ತದೆ.

ತುಕ್ಕಿನ ಉಬ್ಬು

ಪಶ್ಚಿಮದ ಕ್ಯಾಸಲ್‌ರಾಕ್ ಕಡೆ ಘಟ್ಟದ ನೆತ್ತಿಗೆ ಸುರಿಯುವ ಮಳೆ ಪೂರ್ವದ ಹಳಿಯಾಳ, ಮುಂಡಗೋಡಕ್ಕೆ ಬರುವಷ್ಟರಲ್ಲಿ ಬಹಳ ಕಡಿಮೆಯಾಗಿರುತ್ತದೆ. ಗಾಡಿಯ ಹೊಟ್ಟೆ ನೋಡಿದರೆ ಈ ವ್ಯತ್ಯಾಸ ತಿಳಿಯುತ್ತದೆ. ಕಾರವಾರದ ಕಡಲಗಾಳಿಯಲ್ಲಿ ನಿಂತು ಬಂದ ಗಾಡಿಯಾದರೆ ಉಪ್ಪು ಸೇರಿಕೊಂಡು ತುಕ್ಕು ಇನ್ನೂ ಆಳಕ್ಕಿಳಿದಿರುತ್ತದೆ. ರಸಗೊಬ್ಬರ ಹೊರುವ ಟ್ರೇಲರಿಗೂ ಇದೇ ಪಾಡು. ಹಲವು ರಸಗೊಬ್ಬರಗಳೂ ಒಂದು ಬಗೆಯ ಉಪ್ಪೇ ತಾನೆ.

ತುಕ್ಕು ಹುಟ್ಟಲು ಕಬ್ಬಿಣ, ನೀರು, ಆಮ್ಲಜನಕ ಮೂರೂ ಬೇಕು. ಹಾಗಾದರೆ ಗಾಳಿಯೇ ಹೋಗದ ಬೋಲ್ಟಿನ ಸಂದಿಯಲ್ಲಿ ಅದು ಯಾಕೆ ಇಷ್ಟು ಜೋರು? ನೀರಿನ ತೆಳು ಪದರದೊಳಗೆ ಕಬ್ಬಿಣ ಒಂದು ಚಿಕ್ಕ ಬ್ಯಾಟರಿಯಂತೆ ವರ್ತಿಸುತ್ತದೆ. ಗಾಳಿ ಧಾರಾಳ ಸಿಗುವ ಸಂದಿಯ ಬಾಯಿ ಒಂದು ಧ್ರುವ, ಗಾಳಿ ಸಿಗದ ಸಂದಿಯ ತಳ ಇನ್ನೊಂದು ಧ್ರುವ. ಕರಗುವುದು ತಳದ ಕಬ್ಬಿಣ. ಅದಕ್ಕೇ ಮೇಲ್ನೋಟಕ್ಕೆ ಚೆನ್ನಾಗಿ ಕಾಣುವ ಬೋಲ್ಟು ಒಳಗೆ ಕೊರೆದು ಹೋಗಿರುತ್ತದೆ. ಒದ್ದೆ ಕೆಸರಿನ ಮೆತ್ತುವಿಕೆ ಈ ಬ್ಯಾಟರಿಯನ್ನು ಮಳೆ ನಿಂತ ಮೇಲೂ ಆರಗೊಡುವುದಿಲ್ಲ.

ಕಬ್ಬಿಣ ತುಕ್ಕಾದಾಗ ಅದಕ್ಕೆ ಬೇಕಾಗುವ ಜಾಗ ಎರಡು ಪಟ್ಟಿಗೂ ಮಿಕ್ಕುತ್ತದೆ. ನೀರನ್ನು ಕೂಡಿಸಿಕೊಂಡ ತುಕ್ಕಿಗೆ ಇನ್ನೂ ಹೆಚ್ಚು. ಹಿಂದೆ ಬಂಡೆ ಸೀಳುವವರು ಕಲ್ಲಿಗೆ ಸಾಲಾಗಿ ಗುಳಿ ಹೊಡೆದು, ಒಣ ಮರದ ಬೆಣೆ ಬಡಿದು, ನೀರು ಹನಿಸುತ್ತಿದ್ದರು. ಮರ ಉಬ್ಬಿ ಬಂಡೆ ಬಿರಿಯುತ್ತಿತ್ತು. ಬೋಲ್ಟಿಗೂ ರಂಧ್ರಕ್ಕೂ ನಡುವೆ ಕೂದಲೆಳೆಯಷ್ಟು ಸಂದಿಯಲ್ಲಿ ಹುಟ್ಟಿದ ತುಕ್ಕು ಮಾಡುವುದೂ ಅದೇ ಕೆಲಸ. ಉಬ್ಬಲು ಜಾಗವಿಲ್ಲದೆ ಎರಡೂ ಗೋಡೆಗಳನ್ನು ಒತ್ತಿ ಹಿಡಿಯುತ್ತದೆ.

ಈ ಹಿಡಿತಕ್ಕೆ ಮೊದಲ ಮದ್ದು ಎಣ್ಣೆ, ಅದರ ಜೊತೆಗೆ ಸಮಯ. ತೆಳು ಎಣ್ಣೆ ಸಣ್ಣ ಸಂದಿಯೊಳಗೆ ತಾನಾಗಿ ಏರುತ್ತದೆ, ದೀಪದ ಬತ್ತಿಯಲ್ಲಿ ಏರಿದಂತೆ. ಆದರೆ ಅದರ ನಡಿಗೆಗೆ ಒಂದು ನಿಯಮವಿದೆ. ಅಮೆರಿಕದ ರಸಾಯನಶಾಸ್ತ್ರಜ್ಞ ವಾಶ್‌ಬರ್ನ್ 1921ರಲ್ಲಿ ಅದನ್ನು ಸೂತ್ರವಾಗಿಸಿದರು. ಎಣ್ಣೆ ಹೋಗುವ ದೂರ ಸಮಯದ ವರ್ಗಮೂಲಕ್ಕೆ ತಕ್ಕಂತೆ. 5 ಮಿ.ಮೀ. ಇಳಿಯಲು ಒಂದು ಗಂಟೆ ಹಿಡಿದರೆ 10 ಮಿ.ಮೀ.ಗೆ ನಾಲ್ಕು ಗಂಟೆ, 20 ಮಿ.ಮೀ.ಗೆ ಹದಿನಾರು ಗಂಟೆ. "ಇವತ್ತ ಎಣ್ಣಿ ಹಾಕಿ ಬಿಡ್ರಿ, ನಾಳೆ ಬಿಚ್ಚೂಣು" ಎಂದು ಮಿಸ್ತ್ರಿ ಹೇಳಿದರೆ ಅದನ್ನು ಸೋಮಾರಿತನವೆಂದು ತಿಳಿಯಬಾರದು. ಆ ಮಾತಿನ ಹಿಂದೆ ಈ ವರ್ಗಮೂಲವಿದೆ.

ಎಣ್ಣೆ ತೆಳುವಿರಬೇಕು. ಎಂಜಿನ್ ಆಯಿಲ್ ಚಿಮಣಿ ಎಣ್ಣೆಗಿಂತ ಹತ್ತಾರು ಪಟ್ಟು ಮಂದ. ಅದು ಸಂದಿಯ ಬಾಯಲ್ಲೇ ನಿಲ್ಲುತ್ತದೆ. ಹಳೆಯ ಮಿಸ್ತ್ರಿಗಳು ಚಿಮಣಿ ಎಣ್ಣೆಗೋ ಡೀಸೆಲಿಗೋ ಕೈ ಹಾಕುವುದು ಇದಕ್ಕೇ. ಎಲ್ಲರ ಬಳಿಯೂ ಇರುವ ಡಬ್ಲ್ಯೂಡಿ-40ರ ಡಬ್ಬಿ ಅಮೆರಿಕದಲ್ಲಿ 1953ರಲ್ಲಿ ಹುಟ್ಟಿದ್ದು ನೀರನ್ನು ದೂರ ತಳ್ಳಿ ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯಲು. ಜಾಮ್ ಬಿಡಿಸಲೂ ಅದು ಒದಗುತ್ತದೆ, ಆದರೆ ಜಾಮ್ ಬಿಡಿಸಲೆಂದೇ ಮಾಡಿದ ಎಣ್ಣೆಗಳು ಬೇರೆ ಇವೆ. ಯಾವುದೇ ಇರಲಿ, ಮೊದಲು ತಂತಿ ಬ್ರಶ್ಶಿನಿಂದ ಮಣ್ಣನ್ನು ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಎಣ್ಣೆಯನ್ನೆಲ್ಲ ಮಣ್ಣೇ ಕುಡಿಯುತ್ತದೆ. ನಡುನಡುವೆ ಬೋಲ್ಟಿನ ತಲೆಗೆ ಮೆಲ್ಲಗೆ ತಟ್ಟಬೇಕು. ತುಕ್ಕು ಗಟ್ಟಿ, ಆದರೆ ಪೆಡಸು. ತಟ್ಟಿದಾಗ ಅದರಲ್ಲಿ ಬಿರುಕು ಮೂಡುತ್ತದೆ, ಬಿರುಕು ಎಣ್ಣೆಗೆ ದಾರಿಯಾಗುತ್ತದೆ.

ಬಂಡಿಗಾಲಿಯ ಹಳಿ ಕಲಿಸುವ ಪಾಠ

ಎಣ್ಣೆ ಸೋತಲ್ಲಿ ಬೆಂಕಿ. ಅದರ ಶಾಸ್ತ್ರವನ್ನು ನಮ್ಮ ಕಮ್ಮಾರರು ತಲೆಮಾರುಗಳಿಂದ ಊರ ಬಯಲಿನಲ್ಲೇ ತೋರಿಸುತ್ತ ಬಂದಿದ್ದಾರೆ. ಎತ್ತಿನ ಬಂಡಿಯ ಮರದ ಗಾಲಿಗೆ ಕಬ್ಬಿಣದ ಹಳಿ ಕಟ್ಟುವುದನ್ನು ನೋಡಿದವರಿಗೆ ಗೊತ್ತು. ಹಳಿಯನ್ನು ಗಾಲಿಗಿಂತ ತುಸು ಚಿಕ್ಕದಾಗಿ ಮಾಡುತ್ತಾರೆ. ಸುತ್ತಲೂ ಕುಳ್ಳು ಪೇರಿಸಿ ಬೆಂಕಿ ಹಚ್ಚುತ್ತಾರೆ. ಕಾದು ಹಿಗ್ಗಿದ ಹಳಿಯನ್ನು ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸಿ ನೀರು ಹೊಯ್ಯುತ್ತಾರೆ. ಹಳಿ ಕುಗ್ಗಿ ಗಾಲಿಯನ್ನು ಅಪ್ಪಿ ಹಿಡಿಯುತ್ತದೆ. ಗ್ಯಾರೇಜಿನಲ್ಲಿ ನಾವು ಇದನ್ನು ಹಿಂದುಮುಂದಾಗಿ ಮಾಡುತ್ತೇವೆ: ಹೊರಗಿನ ಕಣ್ಣನ್ನು ಕಾಯಿಸಿ, ಒಳಗಿನ ಪಿನ್ನು ಕಾಯುವ ಮೊದಲೇ ಬಿಡಿಸಿಕೊಳ್ಳುತ್ತೇವೆ.

ಬಿಸಿ ಒಂದು ಡಿಗ್ರಿ ಏರಿದಾಗ ಉಕ್ಕು ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಭಾಗದಷ್ಟು ಹಿಗ್ಗುತ್ತದೆ. 18 ಮಿ.ಮೀ. ರಂಧ್ರವಿರುವ ಕಣ್ಣು ಪಿನ್ನಿಗಿಂತ 200 ಡಿಗ್ರಿ ಹೆಚ್ಚು ಬಿಸಿಯಾದರೆ ರಂಧ್ರ ಸುಮಾರು 0.04 ಮಿ.ಮೀ. ದೊಡ್ಡದಾಗುತ್ತದೆ. ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಆದರೂ ತುಕ್ಕಿನ ಹಿಡಿತ ಮುರಿಯಲು ಅದು ಸಾಕು. ಗುಟ್ಟು ಇರುವುದು ಬಿಸಿಯ ಅಂತರದಲ್ಲಿ. ಸಣ್ಣ ಉರಿಯಲ್ಲಿ ತುಂಬ ಹೊತ್ತು ಕಾಯಿಸಿದರೆ ಕಣ್ಣು, ಪಿನ್ನು ಎರಡೂ ಒಟ್ಟಿಗೆ ಹಿಗ್ಗಿ ಇದ್ದ ಬಿಗಿತವೇ ಉಳಿಯುತ್ತದೆ. ಅದಕ್ಕೇ ಜೋರು ಉರಿ, ಸ್ವಲ್ಪ ಹೊತ್ತು, ಹೊರಮೈಗೆ ಮಾತ್ರ. ಕಾದ ದಾರದ ಬಾಯಿಗೆ ಮೇಣದಬತ್ತಿ ಮುಟ್ಟಿಸಿದರೆ ಕರಗಿದ ಮೇಣ ಎಣ್ಣೆಯಂತೆಯೇ ಒಳಕ್ಕೆ ಇಳಿಯುತ್ತದೆ.

ಇಲ್ಲಿ ನಾನು ಓದುಗರನ್ನು ಕೈಮುಗಿದು ಎಚ್ಚರಿಸುತ್ತೇನೆ. ಸ್ಟೀರಿಂಗ್ ತೋಳು ಬಂಡಿಯ ಹಳಿಯಲ್ಲ. ಅದು ಬಡಿದು ರೂಪಿಸಿ, ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಬಿಸಿ ಮಾಡಿ ಗಟ್ಟಿತನಕ್ಕೂ ಬಾಗುವ ಗುಣಕ್ಕೂ ಹೊಂದಿಸಿದ ಉಕ್ಕು. ಕೆಂಪಾಗುವಷ್ಟು ಕಾಯಿಸಿದರೆ ಆ ಹದ ಕೆಡುತ್ತದೆ. ಕೆಂಪಗೆ ಕಾದ ತೋಳಿಗೆ ತಣ್ಣೀರು ಹೊಯ್ದರೆ ಅದು ಗಾಜಿನಂತೆ ಪೆಡಸಾಗಬಹುದು. ಅಂಥ ತೋಳು ಗ್ಯಾರೇಜಿನಲ್ಲಿ ಮುರಿಯುವುದಿಲ್ಲ. ಜನ ತುಂಬಿದ ಗಾಡಿ ಘಟ್ಟದ ತಿರುವಿನಲ್ಲಿರುವಾಗ ಮುರಿಯುತ್ತದೆ. ಮತ್ತೆ ಬಳಸಬೇಕಾದ ಭಾಗವನ್ನು ಎಂದೂ ಕೆಂಪಗೆ ಕಾಯಿಸಬಾರದು. ಪಾಟಾ, ಸ್ಪ್ರಿಂಗು, ತಿರುಚು ಸರಳುಗಳಿಗೆ ಬೆಂಕಿ ಮುಟ್ಟಿಸಲೇಬಾರದು. ಎಣ್ಣೆ, ಗಾಳಿ ತುಂಬಿ ಮುಚ್ಚಿದ ಶಾಕ್ ಅಬ್ಸಾರ್ಬರ್ ಬೆಂಕಿಯಲ್ಲಿ ಸಿಡಿಯುತ್ತದೆ. ಚಿಮಣಿ ಎಣ್ಣೆ ಹಾಕಿದ ಕೀಲಿಗೆ ಬೆಂಕಿ ಹಿಡಿಯುವ ಮೊದಲು ಒರೆಸಬೇಕು, ಪಕ್ಕದಲ್ಲಿ ಒಂದು ಬುಟ್ಟಿ ಮರಳು ಇರಬೇಕು.

ದಾರ ಮತ್ತು ಬುಶ್ಶು

ನಟ್ಟಿಗೆ ಹಾಕಿದ ತಿರುಚುಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಗೇ ಹೋಗುತ್ತದೆ. ಬೋಲ್ಟನ್ನು ನಿಜವಾಗಿ ಎಳೆದು ಬಿಗಿಯುವುದು ಒಂದು ಪಾಲು. ತುಕ್ಕು ಘರ್ಷಣೆಯನ್ನು ಹೆಚ್ಚಿಸಿದಾಗ ಬಿಚ್ಚಲು ಬೇಕಾದ ಬಲ ಬೋಲ್ಟಿನ ತಾಳಿಕೆಯನ್ನೇ ಮೀರಬಹುದು. ಆಗ ನಟ್ಟು ಬಿಡುವ ಬದಲು ಬೋಲ್ಟು ತುಂಡಾಗುತ್ತದೆ. ಹೀಗಾಗಿ ಪಾನಾಕ್ಕೆ ಪೈಪು ತೂರಿಸಿ ಒಂದೇ ಸಲ ಜಗ್ಗುವ ಮೊದಲು ನಟ್ಟನ್ನು ತುಸು ಬಿಗಿಯುವ ದಿಕ್ಕಿಗೆ ಅಲುಗಿಸಬೇಕು. ತುಕ್ಕಿನ ಬೆಸುಗೆ ಯಾವ ದಿಕ್ಕಿಗೆ ಮುರಿದರೂ ಮುರಿದಂತೆಯೇ. ಆಮೇಲೆ ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ಬಿಗಿದು, ಎಣ್ಣೆ ಬಿಟ್ಟು, ಮತ್ತೆ ಬಿಚ್ಚುವುದು. ಆರೂ ಮೈಗೆ ಕೂರುವ ಸಾಕೆಟ್ಟನ್ನೇ ಬಳಸಿದರೆ ನಟ್ಟಿನ ಮೂಲೆ ಸವೆದು ದುಂಡಾಗುವುದಿಲ್ಲ.

ದಿಕ್ಕು ತಿಳಿಯದೆ ಜಗ್ಗುವುದು ಇನ್ನೊಂದು ಅಪಾಯ. ಅನೇಕ ಗಾಡಿಗಳ ಟೈ ರಾಡಿನಲ್ಲಿ ಒಂದು ತುದಿಗೆ ಬಲ ದಾರ, ಇನ್ನೊಂದಕ್ಕೆ ಎಡ ದಾರ. ನಡುವಿನ ನಳಿಗೆಯನ್ನು ತಿರುಗಿಸಿದರೆ ಉದ್ದ ಹೆಚ್ಚು ಕಡಿಮೆಯಾಗಿ ಗಾಲಿಗಳ ಓರೆ ಸರಿಹೋಗಲಿ ಎಂದು. ವಿಲೀಸ್ ವಂಶದ ಹಳೆಯ ಜೀಪುಗಳಲ್ಲಿ ಪಾಟಾ ತೂಗುವ ಶ್ಯಾಕಲ್ಲುಗಳಿಗೂ ಕೆಲವು ಕಡೆ ಎಡ ದಾರವಿತ್ತು. ಗುರುತಿಗೆಂದು ಅವುಗಳ ಮೈಮೇಲೆ ಚಿಕ್ಕ ಉಬ್ಬು ಇಟ್ಟಿರುತ್ತಿದ್ದರು. ಮಣ್ಣಿನಡಿ ಮುಚ್ಚಿಹೋದ ಆ ಉಬ್ಬನ್ನು ನೋಡದವರು ಬಿಚ್ಚುತ್ತಿದ್ದೇನೆಂದುಕೊಂಡು ಬಿಗಿಯುತ್ತಲೇ ಹೋಗುತ್ತಾರೆ.

ಎಲ್ಲಕ್ಕಿಂತ ಹಟಮಾರಿ ಕೀಲು ನನ್ನ ಪ್ರಕಾರ ಬುಶ್ಶಿನೊಳಗಿನ ಬೋಲ್ಟು. ಸಸ್ಪೆನ್ಶನ್ ತೋಳಿನ ಬುಶ್ಶೆಂದರೆ ಎರಡು ಕಬ್ಬಿಣದ ನಳಿಗೆ, ನಡುವೆ ರಬ್ಬರು. ಬೋಲ್ಟು ಒಳನಳಿಗೆಗೆ ಉದ್ದಕ್ಕೂ ತುಕ್ಕಿನಿಂದ ಅಂಟಿಕೊಂಡರೆ, ತಿರುಚಿದ ಬಲವನ್ನೆಲ್ಲ ರಬ್ಬರು ನುಂಗಿ, ಬಿಟ್ಟೊಡನೆ ಹಿಂದಕ್ಕೆ ತಿರುಗಿಸುತ್ತದೆ. ಸುತ್ತಿಗೆಯ ಪೆಟ್ಟೂ ಮೆತ್ತೆಗೆ ಹೊಡೆದಂತೆ. ಎಣ್ಣೆ ಐದಾರು ಸೆಂ.ಮೀ. ನಡೆಯಬೇಕು, ವರ್ಗಮೂಲದ ನಿಯಮದಂತೆ ಅದಕ್ಕೆ ದಿನಗಳೇ ಬೇಕು. ಬೆಂಕಿ ಕೊಟ್ಟರೆ ರಬ್ಬರು ಸುಟ್ಟು ವಿಷದ ಹೊಗೆ. ಹಿಡಿದಿರುವುದು ಇದು ಎಂದು ಖಚಿತವಾದ ಮೇಲೆ ಒದ್ದಾಡದೆ ಬ್ಲೇಡಿನಿಂದ ಬೋಲ್ಟನ್ನು ಎರಡೂ ಬದಿ ಕೊಯ್ದು, ಬುಶ್ಶನ್ನೂ ಬೋಲ್ಟನ್ನೂ ಹೊಸದು ಹಾಕುವುದೇ ಜಾಣತನ.

ಜೀವ ಮೊದಲು, ಕೀಲು ಆಮೇಲೆ

ಒತ್ತಿ ಹಿಡಿದ ಸ್ಪ್ರಿಂಗಿನಲ್ಲಿ ಎಷ್ಟು ಶಕ್ತಿಯಿದೆ? ಒಂದು ಮಿ.ಮೀ. ಒತ್ತಲು 20 ನ್ಯೂಟನ್ ಬೇಕಾಗುವ ಸ್ಪ್ರಿಂಗನ್ನು 150 ಮಿ.ಮೀ. ಒತ್ತಿದರೆ ಅದರಲ್ಲಿ ಸೇರುವ ಶಕ್ತಿ 225 ಜೂಲ್. 23 ಕಿಲೋ ಕಲ್ಲೊಂದು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಸರಿಯಾದ ಹಿಡಿಕೆಯಿಲ್ಲದೆ ಸ್ಟ್ರಟ್ಟಿನ ಮೇಲಿನ ನಟ್ಟು ಬಿಚ್ಚಿದರೆ ಆ ಶಕ್ತಿ ಎದುರಿಗಿದ್ದವರ ಮುಖಕ್ಕೆ ಬರುತ್ತದೆ. ಬರಿ ಜಾಕ್ ನಂಬಿ ಗಾಡಿಯ ಕೆಳಗೆ ಹೋಗಬಾರದು. ಗಟ್ಟಿ ಸ್ಟ್ಯಾಂಡು ಅಥವಾ ಅಡ್ಡಡ್ಡ ಪೇರಿಸಿದ ಮರದ ದಿಮ್ಮಿ ಇಡಬೇಕು. ಸುತ್ತಿಗೆಗೆ ಸುತ್ತಿಗೆಯನ್ನು ನೇರವಾಗಿ ಬಡಿದರೆ ಚೂರು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಬೇಕು. ಬಿಗಿದ ಪುಲ್ಲರಿನ ಎದುರಿಗೆ ನಿಲ್ಲಬಾರದು.

ಹೊಸ ಕೀಲು ಕೂರಿಸುವಾಗ ಟೇಪರಿನ ಎರಡೂ ಮೈಯನ್ನು ಒರೆಸಿ ಒಣಗಿಸಬೇಕು. ಗ್ರೀಸು ಹಚ್ಚಿದರೆ ಅದೇ ತಿರುಚಿಗೆ ಬೆಣೆ ಹೆಚ್ಚು ಆಳಕ್ಕಿಳಿದು ಕಣ್ಣನ್ನು ಸೀಳುವಷ್ಟು ಒತ್ತಬಹುದು. ನಟ್ಟು ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ತೂತಿಗೆ ನಟ್ಟಿನ ಕಚ್ಚು ಹೊಂದದಿದ್ದರೆ ಮುಂದಿನ ಕಚ್ಚಿನವರೆಗೆ ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಸ್ಪ್ಲಿಟ್ ಪಿನ್ನು ಪ್ರತಿ ಸಲವೂ ಹೊಸದು. ಹಳೆಯ ಎಂಡ್ ಎಷ್ಟು ಸುತ್ತಿನಲ್ಲಿ ಹೊರಬಂತೋ ಅಷ್ಟೇ ಸುತ್ತು ಹೊಸದನ್ನು ಹತ್ತಿಸಿ, ಆಮೇಲೆ ಗಾಲಿಗಳ ಅಲೈನ್‌ಮೆಂಟ್ ನೋಡಿಸಬೇಕು.

ಆ ದಿನ ಮಿಸ್ತ್ರಿ ಟೇಪರನ್ನು ತಮ್ಮ ಅಂಗಿಯ ತುದಿಯಿಂದಲೇ ಒರೆಸಿ ಒಣಗಿಸಿದರು. ಆದರೆ ಟೈ ರಾಡಿನ ದಾರಕ್ಕೂ ಅದನ್ನು ಹಿಡಿಯುವ ಕ್ಲಾಂಪಿಗೂ ಬೆರಳಿನಿಂದ ಗ್ರೀಸು ಹಚ್ಚಿದರು. ಇಲ್ಲಿ ಯಾಕೆ ಎಂದು ಹುಡುಗ ಕೇಳಿದ. "ಇದನ್ನ ಹಿಡ್ಯೂದು ಕ್ಲಾಂಪು. ದಾರಕ್ಕ ಜಂಗು ಹತ್ತಬಾರದು. ಮುಂದ ಬಿಚ್ಚಾವ್ರಿಗೆ ತ್ರಾಸ ಆಗಬಾರದಲ್ಲೋ ತಮ್ಮಾ."

ಅವರು ಹೇಳಿದ್ದು ಇನ್ನು ಹತ್ತು ವರ್ಷದ ಮೇಲೆ, ಬೇರೆ ಯಾವುದೋ ಗ್ಯಾರೇಜಿನಲ್ಲಿ ಈ ಜೀಪಿನ ಕೆಳಗೆ ಮಲಗಲಿರುವ ಯಾರೋ ಒಬ್ಬರ ಬಗ್ಗೆ. ಸಂಜೆ ನಾವು ಗಣೇಶಗುಡಿಯ ತಿರುವುಗಳನ್ನು ಇಳಿಯುವಾಗ ಸ್ಟೀರಿಂಗ್ ಕೈಯಲ್ಲಿ ನಿಶ್ಚಲವಾಗಿತ್ತು. ಮಧ್ಯಾಹ್ನದವರೆಗೆ ನಮ್ಮನ್ನು ಕಾಡಿದ ಬೆಣೆಯ ಹಿಡಿತವೇ ಈಗ ಗಾಲಿಯನ್ನು ರಸ್ತೆಗೆ ಸರಿಯಾಗಿ ತಿರುಗಿಸುತ್ತಿತ್ತು.